ನಿಂಬಿ ಮುಳ್ಳಿನ ಗೀರಿಗೆ ಈ ಮುಲಾಮು

ಇಂಡಿ ಕಡೆ ನಿಂಬಿಕಾಯಿ ಹರಿಯೋರಿಗೆ ಕೈ ಗೀರೋದು ದಿನದ ಮಾತು. ಮೆಡಿಕಲ್‌ನ್ಯಾಗ ಸಿಗೋ ಮೂರು ಔಷಧ ಕೂಡಿಸಿದ ಈ ಮುಲಾಮಿನ ಟ್ಯೂಬ್ ನಮ್ಮ ಮನ್ಯಾಗ ಇದ್ದ ಇರ್ತೈತಿ. ಅದರಾಗ ಪಾಲಿಮಿಕ್ಸಿನ್-ಬಿ, ಬ್ಯಾಸಿಟ್ರಾಸಿನ್ ಎರಡೂ ಪೆಪ್ಟೈಡ್‌ಗಳು, ಅಂದ್ರ ಪ್ರೋಟೀನಿನಂಥಾ ಸಣ್ಣ ಸರಪಳಿಗಳು. ಇವು ಒಂದು ಜಾತಿ ಬ್ಯಾಕ್ಟೀರಿಯಾ ಇನ್ನೊಂದನ್ನ ಕೊಲ್ಲಾಕ ತಾನ ತಯಾರಿಸೋ ಅಸ್ತ್ರ. ಪಾಲಿಮಿಕ್ಸಿನ್ ರೋಗಾಣುವಿನ ಹೊರಪೊರಿ ಹರಿತೈತಿ, ಬ್ಯಾಸಿಟ್ರಾಸಿನ್ ಅದರ ಗ್ವಾಡಿ ಕಟ್ಟಾಕ ಬಿಡಂಗಿಲ್ಲ. ಎಂಥಾ ಚಂದದ ಕೆಲಸ ನೋಡ್ರಿ!

ಗಾಯ ತೊಳದು ತೆಳ್ಳಗ ಹಚ್ಚಿದ್ರ ಉರಿ ಇಲ್ಲ, ನನಗ ಕೀವೂ ಆಗಿಲ್ಲ. ಜಿಡ್ಡು ಜಾಸ್ತಿ, ಮ್ಯಾಲೆ ಬಟ್ಟಿ ಕಟ್ಟದಿದ್ರ ತ್ವಾಟದ ಧೂಳೆಲ್ಲ ಅಂಟತೈತಿ.

ಮೂರನೇದು ನಿಯೋಮೈಸಿನ್, ಕೆಲವರಿಗೆ ಅಲರ್ಜಿ. ನಮ್ಮತ್ತಿಗೆ ತುರಿಕಿ ಎದ್ದಿತ್ತು, ಅವರಿಗೆ ಹಚ್ಚೋದು ಬಿಟ್ಟೇವಿ. ಮುಳ್ಳು ಆಳಕ್ಕ ನಟ್ರ ಇದನ್ನ ನಂಬಿ ಕೂಡಬ್ಯಾಡ್ರಿ, ದವಾಖಾನಿಗೆ ಹೋಗಿ ಧನುರ್ವಾಯು ತಡಿಯೋ ಟಿಟಿ ಇಂಜೆಕ್ಷನ್ ಬಗ್ಗೆ ಕೇಳ್ರಿ.