ಮಕ್ಕಳ ವಿಡಿಯೊ ಪ್ರಾಜೆಕ್ಟ್: ಮೂರು ಬಗೆ ಮಾಡಿಸಿ ನೋಡಿದೆ

ಬೀದರಿನ ನೌಬಾದ್ ಹತ್ತಿರ ನೆಲದಡಿ ಕರೇಜ್ ಇದೆ. ಬಹಮನಿ ಸುಲ್ತಾನರ ಕಾಲದ ಸುರಂಗ ಕಾಲುವೆ. ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿ, ಕೆಳಗೆ ನೀರು. ಒಂಬತ್ತನೇ ತರಗತಿ ಮಕ್ಕಳಿಗೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ನಾನು ಕೊಟ್ಟಿದ್ದು ಒಂದೇ ಪ್ರಶ್ನೆ: ಈ ಜಾಗದಲ್ಲೇ ನೀರು ಯಾಕೆ ಸಿಗುತ್ತದೆ? ಮೂರು ಗುಂಪು ಮಾಡಿದೆ. ಒಂದೊಂದು ಗುಂಪಿಗೆ ಒಂದೊಂದು ಬಗೆಯ ವಿಡಿಯೊ. ಯಾವುದನ್ನು ಮಾಡುವಾಗ ಮಕ್ಕಳು ತಾವಾಗಿಯೇ ಮುಂದಿನ ಪ್ರಶ್ನೆ ಎತ್ತುತ್ತಾರೆ ಅಂತ ನೋಡಬೇಕಿತ್ತು.

ಮೊದಲನೆಯದು ಫೋಟೊ ಜೋಡಿಸಿ ದನಿ ಕೊಡುವ ವಿಡಿಯೊ. ಬೇಗ ಮುಗಿಯಿತು, ಚೆಂದವೂ ಇತ್ತು. ಹಿನ್ನೆಲೆಗೆ ಸಂಗೀತ, ಕೊನೆಗೆ ಎಲ್ಲರ ಹೆಸರು. ಆದರೆ ಮಾತೆಲ್ಲ ನೆಟ್‌ನಿಂದ ಬರೆದುಕೊಂಡಿದ್ದು. ‘15ನೇ ಶತಮಾನದಲ್ಲಿ ಪರ್ಷಿಯಾದ ತಂತ್ರದಿಂದ ಕಟ್ಟಿದರು’ ಅಂತ ಓದಿದರು, ಅಲ್ಲಿಗೆ ಮುಗಿಯಿತು. ಮಾಹಿತಿ ಸರಿಯೇ. ಆದರೆ ಹುಡುಕುವ ಕೆಲಸಕ್ಕೆ ಮೂರರಲ್ಲಿ ಇದೇ ಕೊನೆ.

ಎರಡನೆಯದು ಸಂದರ್ಶನ. ಊರಿನ ಹಿರಿಯರ ಹತ್ತಿರ ಹೋಗಿ, ‘ಮುತ್ಯಾ, ಬ್ಯಾಸಿಗ್ಯಾಗೂ ನೀರು ಇರ್ತದೇನ್ರಿ?’ ಅಂತ ಕೇಳಿದರು. ಒಬ್ಬರು ‘ಎಂದೂ ಬತ್ತಿಲ್ಲ’ ಅಂದರು. ಇನ್ನೊಬ್ಬರು ‘ಮೊದಲಿನಷ್ಟು ಎಲ್ಲದ, ಬೋರ್ ಬಿದ್ದ ಮ್ಯಾಲ ಕಮ್ಮಿ ಆಗ್ಯದ’ ಅಂದರು. ಎರಡು ಮಾತು ಕೂಡದೇ ಇದ್ದಾಗ ತರಗತಿಯಲ್ಲಿ ನಿಜವಾದ ಚರ್ಚೆ ಶುರುವಾಯಿತು. ತೊಂದರೆ ಅಂದರೆ ಗಾಳಿ ಸದ್ದು. ಫೋನ್ ದೂರ ಹಿಡಿದರೆ ಒಂದು ಮಾತೂ ಕೇಳಿಸದು. ಮಾತಾಡುವವರ ಒಪ್ಪಿಗೆ ಮೊದಲೇ ಕೇಳಬೇಕು, ವಿಡಿಯೊ ತರಗತಿಯ ಹೊರಗೆ ಹೋಗಬಾರದು. ಕರೇಜಿನ ಬಾಯಿಯ ಅಂಚಿಗಂತೂ ಯಾರನ್ನೂ ಬಿಡಲಿಲ್ಲ.

ಮೂರನೆಯದು ಪ್ರಯೋಗದ ವಿಡಿಯೊ. ನನಗೆ ಜಾಸ್ತಿ ಹಿಡಿಸಿದ್ದು ಇದು.

ಬೀದರ್ ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದರಲ್ಲಿ ತೂತು ಜಾಸ್ತಿ, ಮಳೆ ನೀರು ಇಳಿದು ಹೋಗುತ್ತದೆ. ಅದರ ಕೆಳಗೆ ಗಟ್ಟಿ ಕರಿ ಕಲ್ಲು. ನೀರು ಅಲ್ಲಿ ತಡೆದು ಪಕ್ಕಕ್ಕೆ ಹರಿಯುತ್ತದೆ, ಸುರಂಗ ಅದನ್ನು ಹಿಡಿಯುತ್ತದೆ. ಇದನ್ನು ನಾನು ಮೊದಲೇ ಹೇಳಲಿಲ್ಲ. ಯಾವ ಮಣ್ಣಿನಿಂದ ನೀರು ಬೇಗ ಇಳಿಯುತ್ತದೆ ಅಂತ ನೋಡಲು ಮಕ್ಕಳು ಎರಡು ನೀರಿನ ಬಾಟಲಿ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗು ನಿಲ್ಲಿಸಿದರು. ಒಂದರಲ್ಲಿ ಇಲ್ಲಿಯ ಕೆಂಪು ಮಣ್ಣು, ಇನ್ನೊಂದರಲ್ಲಿ ತೊಗರಿ ಹೊಲದ ಎರೆಮಣ್ಣು. ಎರಡಕ್ಕೂ ಒಂದೇ ಅಳತೆ ನೀರು. ಫೋನನ್ನು ಪುಸ್ತಕಗಳ ನಡುವೆ ಸಿಕ್ಕಿಸಿ, ಪಕ್ಕದಲ್ಲಿ ಗಡಿಯಾರ ಕಾಣುವಂತೆ ಇಟ್ಟು ರೆಕಾರ್ಡ್ ಒತ್ತಿದರು.

ನೋಟ್‌ಬುಕ್ಕಿನಲ್ಲಿ ಎಲ್ಲರೂ ‘ಎರೆಮಣ್ಣು ನೀರು ಬಿಡುವುದಿಲ್ಲ’ ಅಂತ ಬರೆದಿದ್ದರು. ವಿಡಿಯೊ ಹಾಕಿದಾಗ ಒಬ್ಬಳು, ‘ಸರ್, ಸ್ವಲ್ಪ ಹಿಂದಕ್ಕ ಒಯ್ಯಿರಿ’ ಅಂದಳು. ನೋಡಿದರೆ ಮೊದಲ ಹನಿ ಬಿದ್ದಿದ್ದೇ ಎರೆಮಣ್ಣಿನಿಂದ! ಆಮೇಲೆ ಅದು ನಿಧಾನವಾಗಿ ನಿಂತಿತ್ತು. ಯಾಕೆ? ಹೆಂಟೆಗಳ ನಡುವಿನ ಸಂದಿಯಿಂದ ನೀರು ಇಳಿಯಿತಾ? ಮಣ್ಣು ನೆನೆದು ಉಬ್ಬಿ ಸಂದಿ ಮುಚ್ಚಿತಾ? ಹೆಂಟೆ ಕುಟ್ಟಿ ಪುಡಿ ಮಾಡಿ ಮತ್ತೆ ನೋಡೋಣ ಅಂತ ಮಕ್ಕಳೇ ಅಂದರು. ಕುಟ್ಟಿದ ಮಣ್ಣಿನಲ್ಲಿ ಆ ಮೊದಲ ಹನಿಗಳು ಬೇಗ ಬೀಳಲಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲಕ್ಕೆ ಮೊದಲ ಮಳೆ ಬಿದ್ದಾಗ ಏನಾಗುತ್ತದೆ ಅನ್ನುವ ಮಾತು ಅಲ್ಲಿಂದ ಬಂತು. ನಾನು ಸುಮ್ನೆ ಕೇಳುತ್ತಾ ಕೂತಿದ್ದೆ, ತುಂಬಾ ಖುಷಿಯಾಯಿತು.

ಟೈಮ್‌ಲ್ಯಾಪ್ಸ್ (ತುಂಬಾ ಹೊತ್ತಿನದನ್ನು ವೇಗವಾಗಿ ಓಡಿಸಿ ತೋರಿಸುವ ವಿಡಿಯೊ) ಕೂಡ ಮಾಡಿಸಿದೆ. ಅದರಲ್ಲಿ ಆ ಮೊದಲ ಹನಿಗಳು ಕಾಣಿಸಲೇ ಇಲ್ಲ. ಬೀಜ ಮೊಳೆಯುವಂಥ ನಿಧಾನದ ವಿಷಯಕ್ಕೆ ಸರಿ, ಇದಕ್ಕೆ ಮಾಮೂಲಿ ವೇಗವೇ ಬೇಕು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ವಿಡಿಯೊದ ಸ್ಪಷ್ಟತೆಯನ್ನು (ರೆಸಲ್ಯೂಶನ್) 1080 ಬದಲು 720ರಲ್ಲಿ ಇಟ್ಟರೆ ಫೋನ್ ಬೇಗ ತುಂಬುವುದಿಲ್ಲ. ಎಡಿಟಿಂಗ್ ಬೇಡವೇ ಬೇಡ. ಕತ್ತರಿಸಿದರೆ ಮಕ್ಕಳು ತಮಗೆ ಬೇಕಾದ ಉತ್ತರವನ್ನೇ ಉಳಿಸಿಕೊಳ್ಳುತ್ತಾರೆ.

ಒಂದೇ ಫೋನ್, ಒಂದೇ ಪಿರಿಯಡ್ ಇರುವ ಶಾಲೆಯಾದರೆ ಪ್ರಯೋಗದ ವಿಡಿಯೊ ಮಾಡಿಸಿ. ವಾರ ಸಿಕ್ಕರೆ ಸಂದರ್ಶನ ಮೊದಲು ಮಾಡಿಸಿ, ಅದರಿಂದ ಬಂದ ಪ್ರಶ್ನೆಗೆ ಪ್ರಯೋಗ ಮಾಡಿಸಿ. ಅಂಕ ಕೊಡುವಾಗ ನಾನು ಈಗ ವಿಡಿಯೊ ಎಷ್ಟು ಚೆಂದ ಇದೆ ಅಂತ ನೋಡುವುದಿಲ್ಲ. ನೋಡಿದ ಮೇಲೆ ಗುಂಪು ಬರೆದ ಹೊಸ ಪ್ರಶ್ನೆಗೆ ಅಂಕ ಕೊಡುತ್ತೇನೆ.