ಒಂದೇ ಕ್ವಿಜ್, ಮೂರು ದಾರಿ: ಸ್ಕ್ರ್ಯಾಚ್, ಪೈಥಾನ್, ಬ್ರೌಸರ್

ಹೈಸ್ಕೂಲ್ ಮಕ್ಕಳು ಕಂಪ್ಯೂಟರಿನಲ್ಲಿ ಕ್ವಿಜ್ ಗೇಮ್ ಮಾಡಲು ಹೊರಟರೆ ಕೋಡಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಶುರು ಮಾಡಲಿ, ಆಮೇಲೆ ಬ್ರೌಸರ್‌ಗೆ ತರಲಿ. ತುಂಡು ಜೋಡಿಸಿ ಕೋಡ್ ಮಾಡುವ ಸ್ಕ್ರ್ಯಾಚ್ ಇನ್ನೂ ಚಿಕ್ಕವರಿಗೆ. ಇದು ನನ್ನ ತೀರ್ಮಾನ. ಒಂಬತ್ತನೇ ಕ್ಲಾಸಿನ ತಂಗಿ ಮಗನ ಜೊತೆ ಕೂತು ಒಂದೇ ಪ್ರಶ್ನೆಪಟ್ಟಿಯನ್ನು ಮೂರು ಕಡೆಯೂ ಮಾಡಿ ನೋಡಿದ ಮೇಲೆ ಬಂದದ್ದು. ಈ ಸಲದ ಮಳೆಗಾಲದಲ್ಲಿ ಉಡುಪಿಯಲ್ಲಿ ಶಾಲೆಗೆ ರಜೆ ಕೊಟ್ಟ ದಿನಗಳು ಇದಕ್ಕೆ ಸರಿಯಾಗಿ ಒದಗಿದವು. ಬೇಕಾದ್ದನ್ನು ಮೊದಲೇ ಇನ್‌ಸ್ಟಾಲ್ ಮಾಡಿಟ್ಟರೆ ಮೂರೂ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ. ಕರೆಂಟ್ ಹೋದರೂ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇದ್ದರೆ ಸಾಕು.

ಪ್ರಶ್ನೆಗಳಿಗೆ ನಮ್ಮ ಕಡೆ ಹುಟ್ಟಿದ ಬ್ಯಾಂಕುಗಳನ್ನು ಆರಿಸಿಕೊಂಡೆವು. ಬ್ಯಾಂಕಿನಿಂದ ರಿಟೈರ್ ಆದವರು ಒಬ್ಬರಾದರೂ ಇಲ್ಲದ ಕುಟುಂಬ ಇಲ್ಲಿ ಕಡಿಮೆ ಅಲ್ವಾ. ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ 1906, ಕರ್ಣಾಟಕ ಬ್ಯಾಂಕ್ 1924, ವಿಜಯಾ ಬ್ಯಾಂಕ್ 1931. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ 1906, ಸಿಂಡಿಕೇಟ್ ಬ್ಯಾಂಕ್ 1925. ಇದರಲ್ಲೇ ಒಂದು ಒಳ್ಳೆಯ ತೊಡಕು ಉಂಟು. ‘1906ರಲ್ಲಿ ಶುರುವಾದ ಬ್ಯಾಂಕ್ ಯಾವುದು?’ ಅಂದರೆ ಎರಡು ಸರಿ ಉತ್ತರ. ಪ್ರಶ್ನೆಯನ್ನು ತಿದ್ದಿ ಸುಲಭ ಮಾಡಿಕೊಳ್ಳಬಹುದಿತ್ತು. ಬೇಡ ಅಂತ ಹಾಗೇ ಬಿಟ್ಟೆವು. ಮೂರರ ಗುಣವೂ ಬಯಲಾದದ್ದು ಈ ಪ್ರಶ್ನೆಯಲ್ಲೇ.

ಸ್ಕ್ರ್ಯಾಚ್ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಹುಟ್ಟಿ, 2007ರಲ್ಲಿ ಎಲ್ಲರಿಗೂ ಸಿಕ್ಕಿದ್ದು. ಇದರಲ್ಲಿ ಕೋಡ್ ಟೈಪ್ ಮಾಡುವುದೇ ಬೇಡ. ಬಣ್ಣದ ತುಂಡುಗಳನ್ನು ಎಳೆದು ಒಂದರ ಕೆಳಗೊಂದು ಜೋಡಿಸಿದರೆ ಆಯ್ತು. ಹೊಂದದ ತುಂಡು ಕೂರುವುದೇ ಇಲ್ಲ, ಹಾಗಾಗಿ ವ್ಯಾಕರಣದ ತಪ್ಪಿಗೆ ಜಾಗವೇ ಇಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ತುಂಡು ಮೊದಲೇ ತಯಾರಿದೆ. ಸ್ಕ್ರ್ಯಾಚ್‌ನ ಪರದೆಯ ಮೇಲಿನ ಬೆಕ್ಕು ಕನ್ನಡದಲ್ಲಿ ಪ್ರಶ್ನೆ ಕೇಳಿದಾಗ ಎರಡನೇ ಕ್ಲಾಸಿನ ಪಕ್ಕದ ಮನೆ ಹುಡುಗಿ ಅಲ್ಲಿಂದ ಏಳಲೇ ಇಲ್ಲ.

ಆದರೆ ಪ್ರಶ್ನೆ ಹೆಚ್ಚಾದಂತೆ ಕಷ್ಟ ಶುರು. ಸ್ಕ್ರ್ಯಾಚ್‌ನ ಪಟ್ಟಿಯೊಳಗೆ ಇನ್ನೊಂದು ಪಟ್ಟಿ ಇಡಲು ಬರುವುದಿಲ್ಲ. ಪ್ರಶ್ನೆಗೊಂದು ಪಟ್ಟಿ, ಉತ್ತರಕ್ಕೊಂದು ಪಟ್ಟಿ, ಎರಡನ್ನೂ ಕ್ರಮಸಂಖ್ಯೆಯಿಂದ ಹೊಂದಿಸಬೇಕು. ನಡುವೆ ಒಂದು ಸಾಲು ಅಳಿಸಿದರೆ ಅಲ್ಲಿಂದ ಮುಂದಿನ ಪ್ರಶ್ನೆಗಳಿಗೆಲ್ಲ ಬೇರೆಯದರ ಉತ್ತರ. 1906ರ ಎರಡು ಉತ್ತರಕ್ಕೆ ಮೂರನೇ ಪಟ್ಟಿ ಬೇಕಾಯ್ತು. ಅಷ್ಟು ಹೊತ್ತಿಗೆ ಹುಡುಗ ಪ್ರಶ್ನೆ ಬಿಟ್ಟು ಬೆಕ್ಕಿಗೆ ಟೋಪಿ ಹಾಕುವುದರಲ್ಲಿ ಮುಳುಗಿದ್ದ.

ಪೈಥಾನ್‌ನಲ್ಲಿ ನೋಡಲು ಎಂತದ್ದೂ ಇಲ್ಲ. ಬರೀ ಅಕ್ಷರ. ಆದರೂ ಹೆಚ್ಚು ಕಲಿತದ್ದು ಇಲ್ಲೇ. ಪ್ರಶ್ನೆಯ ಜೊತೆ ಅದರ ಸರಿ ಉತ್ತರಗಳ ಪಟ್ಟಿಯನ್ನೂ ಸೇರಿಸಿ ಒಂದು ಕಟ್ಟು ಮಾಡಬಹುದು. ಒಂದೇ ಉತ್ತರವಿದ್ದರೆ ಪಟ್ಟಿಯಲ್ಲಿ ಒಂದು, 1906ಕ್ಕೆ ಎರಡು. ಬರೆದ ಉತ್ತರ ಆ ಪಟ್ಟಿಯೊಳಗೆ ಇದೆಯಾ ಅಂತ ಕೇಳುವುದು ಒಂದೇ ಸಾಲು. ಪ್ರಶ್ನೆಗಳನ್ನು ಕಲೆಸುವುದು ಇನ್ನೊಂದು ಸಾಲು.

ಕನ್ನಡದಲ್ಲಿ ಉತ್ತರ ಟೈಪ್ ಮಾಡಿಸಲು ಹೊರಟಾಗ ಮಾತ್ರ ಸ್ವಲ್ಪ ತಲೆಬಿಸಿ. ‘ದೊಡ್ಡಮ್ಮ, ಸರಿಯೇ ಬರೆದದ್ದು ನಾನು, ಇದು ತಪ್ಪು ಅಂತ ಹೇಳ್ತದೆ!’ ನೋಡಿದರೆ ‘ಕೆನರಾ’ ಆದ ಮೇಲೆ ಒಂದು ಖಾಲಿ ಜಾಗ. ಕಣ್ಣಿಗೆ ಕಾಣದು, ಕಂಪ್ಯೂಟರಿಗೆ ಅದೂ ಒಂದು ಅಕ್ಷರವೇ. ಸ್ಟ್ರಿಪ್ ಅಂತ ಒಂದು ಪದ ಹಾಕಿದರೆ ಹಿಂದು ಮುಂದಿನ ಖಾಲಿ ಜಾಗ ಹೋಗುತ್ತದೆ. ಇನ್ನೊಂದು ತೊಡಕು ಕನ್ನಡದ್ದೇ. ‘ಕಾರ್ಪೊರೇಷನ್’ನಲ್ಲಿರುವ ‘ಪೊ’ ಅಕ್ಷರದ ಒತ್ವವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತವೆ, ಹೋಲಿಸಿದರೆ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್ ಜೊತೆಗೇ ಬರುತ್ತದೆ, ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಇಸವಿ ಕೇಳುವ ಪ್ರಶ್ನೆಯಲ್ಲಿ ಹುಡುಗ ಸುಮ್ನೆ ಕೀಟಲೆಗೆ ಕನ್ನಡ ಅಂಕಿಯಲ್ಲಿ ೧೯೨೪ ಅಂತ ಹೊಡೆದ. ಸರಿ ಅಂತ ಬಂತು! ಅಕ್ಷರವನ್ನು ಸಂಖ್ಯೆ ಮಾಡುವಾಗ ಪೈಥಾನ್ ಕನ್ನಡ ಅಂಕಿಯನ್ನೂ ಒಪ್ಪುತ್ತದೆ. ಬ್ರೌಸರ್ ದಾರಿಯಲ್ಲಿ ಬಳಸುವ ಕೋಡಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ, ಅದಕ್ಕೆ ಅದು ಸಂಖ್ಯೆಯೇ ಅಲ್ಲ. ಸ್ಕ್ರ್ಯಾಚ್‌ಗೂ ೧೯೨೪ ಮತ್ತು 1924 ಬೇರೆ ಬೇರೆ.

ಒಂದು ಎಚ್ಚರ. ವಿಂಡೋಸ್‌ನ ಹಳೇ ಕಪ್ಪು ಕಮಾಂಡ್ ಕಿಟಕಿಯಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ. ಪೈಥಾನ್ ಜೊತೆ ಬರುವ, ಕೋಡ್ ಬರೆದು ಓಡಿಸುವ ಕಿಟಕಿ ಐಡಲ್‌ನಲ್ಲೇ ನಡೆಸುವುದು ವಾಸಿ.

ಬ್ರೌಸರ್ ದಾರಿ ಅಂದರೆ ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್. ಕನ್ನಡ ಚಂದ ಕಾಣುತ್ತದೆ. ನಾಲ್ಕು ಬಟನ್ ಇಟ್ಟರೆ ಟೈಪ್ ಮಾಡುವ ಗೋಜೇ ಇಲ್ಲ. ಖಾಲಿ ಜಾಗ, ಒತ್ವ, ಕನ್ನಡ ಅಂಕಿ ಎಲ್ಲ ತಾಪತ್ರಯ ಒಟ್ಟಿಗೇ ಹೋಯ್ತು. ಗಿಟ್‌ಹಬ್ ಪೇಜಸ್‌ನಲ್ಲಿ (ವೆಬ್ ಪುಟ ಇಡಲು ಜಾಗ ಕೊಡುವ ತಾಣ) ದುಡ್ಡಿಲ್ಲದೆ ಹಾಕಿ ಲಿಂಕ್ ಕಳಿಸಿದರೆ ಮಂಗಳೂರಿನ ಅಜ್ಜಯ್ಯ ಮೊಬೈಲ್‌ನಲ್ಲೇ ಆಡುತ್ತಾರೆ. ಪೈಥಾನ್ ಫೈಲ್ ಕಳಿಸಿದರೆ ಅವರೆಂತ ಮಾಡುವುದು ಮಾರಾಯ್ರೆ?

ಆದರೆ ಹೊಸಬರಿಗೆ ಇದು ಮೋಸದ ಜಾಗ. ಪೈಥಾನ್‌ನಲ್ಲಿ ಒಂದು ಆವರಣ ಬಿಟ್ಟರೆ ಎಲ್ಲಿ ತಪ್ಪು ಅಂತ ತೋರಿಸಿ ಬೈಯುತ್ತದೆ. ಬ್ರೌಸರ್ ಬೈಯುವುದಿಲ್ಲ, ಬಟನ್ ಒತ್ತಿದರೆ ಸುಮ್ಮನಿರುತ್ತದೆ. ದೂರು ಇರುವುದು ಎಫ್12 ಒತ್ತಿದರೆ ತೆರೆಯುವ ಕನ್ಸೋಲ್‌ನಲ್ಲಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹೋಲಿಸುವ ಕಡೆ ಎರಡು ಸಮ ಚಿಹ್ನೆ ಹಾಕುವ ಬದಲು ಹುಡುಗ ಒಂದೇ ಹಾಕಿದ್ದ. ಪೈಥಾನ್ ಆದರೆ ಅಲ್ಲೇ ನಿಲ್ಲಿಸುತ್ತಿತ್ತು. ಜಾವಾಸ್ಕ್ರಿಪ್ಟ್ ಅದನ್ನು ಹೋಲಿಕೆ ಅಂತ ಓದುವುದಿಲ್ಲ. ಸರಿ ಉತ್ತರವನ್ನು ತಾನೇ ತುಂಬಿಸಿಕೊಂಡು ಮುಂದೆ ಹೋಗುತ್ತದೆ. ಯಾವ ಬಟನ್ ಒತ್ತಿದರೂ ಅಂಕ! ಪೂರ್ತಿ ಅಂಕ ಬಂತು ಅಂತ ಅಜ್ಜಯ್ಯ ಫೋನ್ ಮಾಡಿ ಖುಷಿಪಟ್ಟ ಮೇಲೆಯೇ ನಮಗೆ ಅನುಮಾನ ಬಂದದ್ದು. ಉತ್ತರಗಳೂ ಗುಟ್ಟಾಗಿ ಉಳಿಯುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್ ಜೊತೆ ಯು ಒತ್ತಿ ಪುಟದ ಮೂಲ ನೋಡಿದರೆ ಎಲ್ಲ ಅಲ್ಲೇ ಬಿದ್ದಿರುತ್ತವೆ. ಮನೆಮಂದಿ ಆಟಕ್ಕೆ ಪರವಾಗಿಲ್ಲ, ಬಹುಮಾನ ಇಟ್ಟರೆ ಆಗದು.

ಪೈಥಾನ್ ಮೊದಲು ಅನ್ನಲು ದೊಡ್ಡ ಕಾರಣ ಅಲ್ಲಿಂದ ಬ್ರೌಸರ್‌ಗೆ ದಾಟುವಾಗ ಗೊತ್ತಾಯಿತು. ಪೈಥಾನ್‌ನಲ್ಲಿ ಕಟ್ಟಿದ ಪ್ರಶ್ನೆಪಟ್ಟಿಯನ್ನು ಜಾವಾಸ್ಕ್ರಿಪ್ಟ್ ಫೈಲಿಗೆ ಕಾಪಿ ಮಾಡಿದರೆ ಹೆಚ್ಚುಕಡಿಮೆ ಹಾಗೇ ಕೂರುತ್ತದೆ. ಚೌಕ ಆವರಣ, ಹೂವಿನ ಆವರಣ, ಉದ್ಧರಣ ಚಿಹ್ನೆ, ಎಲ್ಲ ಒಂದೇ. ಹೊಸದಾಗಿ ಬರೆಯಬೇಕಾದದ್ದು ಬಟನ್‌ಗಳನ್ನು ಮತ್ತು ಸರಿ–ತಪ್ಪು ನೋಡುವ ಭಾಗವನ್ನು. ಸ್ಕ್ರ್ಯಾಚ್‌ನಿಂದ ಬಂದರೆ ಪ್ರಶ್ನೆ–ಉತ್ತರಗಳನ್ನು ಮತ್ತೆ ಮೊದಲಿಂದ ಜೋಡಿ ಮಾಡಿ ಕಟ್ಟಬೇಕು. ಈಗ ಹುಡುಗ ಬ್ಯಾಂಕುಗಳ ವಿಲೀನದ ಪ್ರಶ್ನೆ ಸೇರಿಸುತ್ತಿದ್ದಾನೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಮೊದಲು ಐಡಲ್‌ನಲ್ಲಿ ಓಡಿಸಿ ನೋಡುತ್ತಾನೆ, ಆಮೇಲೆ ಪುಟಕ್ಕೆ ಹಾಕುತ್ತಾನೆ.