ಎಸೆನ್ಶಿಯಲ್ ಆಯಿಲ್ ಮೌತ್‌ವಾಶ್: ಎರಡು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರೂವರೆ ಕೊಡ್ತೀನಿ. ಕಡಿಮೆ ಮಾಡಿದ ಒಂದೂವರೆ ಅಂಕ ಬಾಯಿ ಉರಿಗಲ್ಲ, ಜಾಹೀರಾತಿಗೆ.

ಮಧ್ಯೆ ಬ್ರ್ಯಾಂಡ್ ಬದಲಾಯಿಸಿದ್ದೇನೆ, ಒಳಗಿನ ಸರಕು ಮಾತ್ರ ಅದೇ, ಎಸೆನ್ಶಿಯಲ್ ಆಯಿಲ್ ಅಂದರೆ ಗಿಡಗಳ ಘಮದ ಎಣ್ಣೆಯ ನಾಲ್ಕು ಅಂಶ: ಥೈಮಾಲ್, ಯೂಕಲಿಪ್ಟಾಲ್, ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್. ಹೆಸರು ಕೇಳಿ ಹೆದರಬೇಡಿ. ಥೈಮಾಲ್ ಅಂದರೆ ನಮ್ಮ ಓಂಕಾಳಿನ ಘಾಟು. ಯೂಕಲಿಪ್ಟಾಲ್ ನೀಲಗಿರಿ ಎಣ್ಣೆಯದು, ಮೆಂಥಾಲ್ ಪುದೀನ ಜಾತಿಯದು. ಕೊನೆಯದು ವಿಂಟರ್‌ಗ್ರೀನ್ ಎಣ್ಣೆಯದು. ಊಟಿಗೆ ಹೋದವರು ಮಂಡಿನೋವಿಗೆ ಅಂತ ತರುತ್ತಾರಲ್ಲ, ಅದೇ. ಮೌತ್‌ವಾಶ್ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವುದೂ ಆ ಎಣ್ಣೆಯ ವಾಸನೆಯೇ.

ಈ ಕೂಟ ಹೊಸದೇನಲ್ಲ. 1879ರಲ್ಲಿ ಅಮೆರಿಕದಲ್ಲಿ ಲಿಸ್ಟರಿನ್ ಎಂಬ ಈ ಬಗೆಯ ಮೌತ್‌ವಾಶ್ ಹುಟ್ಟಿದ್ದು ಆಪರೇಷನ್‌ಗೆ ಬಳಸುವ ಕ್ರಿಮಿನಾಶಕವಾಗಿ. ಅದರ ಹಳೆಯ ಫಾರ್ಮುಲಾದಲ್ಲಿ ನಾಲ್ಕೂ ಎಣ್ಣೆ ಸೇರಿ ಶೇ. 0.3 ಕೂಡ ಆಗುವುದಿಲ್ಲ. ಆಲ್ಕೋಹಾಲ್ ಮಾತ್ರ ಶೇ. 20ರ ಮೇಲೆ, ಎಣ್ಣೆ ಕರಗಬೇಕಲ್ಲ. ಬಾಯಿ ಉರಿಯುವುದರಲ್ಲಿ ಅದರ ಪಾಲು ದೊಡ್ಡದು. ‘ಉರಿದರೇನೇ ಕೆಲಸ ಮಾಡೋದು’ ಅನ್ನೋದು ಸುಮ್ನೆ ಮಾತು. ಬ್ಯಾಕ್ಟೀರಿಯಾದ ಹೊರಪೊರೆ ಒಡೆಯುವುದು ಎಣ್ಣೆ. ನಾನೀಗ ಆಲ್ಕೋಹಾಲ್ ಇಲ್ಲದ್ದನ್ನೇ ತರುತ್ತೇನೆ, ವಸಡಿನಲ್ಲಿ ವ್ಯತ್ಯಾಸವೇನೂ ಕಂಡಿಲ್ಲ.

ಫಲಿತಾಂಶ ಹೇಳುವುದಾದರೆ, ಬ್ರಷ್ ಮಾಡಿ ಉಗುಳಿದಾಗ ನೊರೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಕೆಲವು ವಾರಗಳಲ್ಲಿ ಅದು ನಿಂತಿತು. ಆದರೆ ಅದೇ ಹೊತ್ತಿಗೆ ಹಲ್ಲಿನ ಸಂದಿಗೆ ಸಣ್ಣ ಬ್ರಷ್ ಹಾಕಲೂ ಶುರು ಮಾಡಿದ್ದೆ, ಹಾಗಾಗಿ ಪೂರ್ತಿ ಕೀರ್ತಿ ಬಾಟಲಿಗೆ ಕೊಡಲಾರೆ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಕಟ್ಟುವ ಗಟ್ಟಿ ಕಿಟ್ಟ ಇದಕ್ಕೆ ಜಗ್ಗಲಿಲ್ಲ, ಡೆಂಟಿಸ್ಟ್ ಕೆರೆದೇ ತೆಗೆಯಬೇಕು. ಬೆಳ್ಳುಳ್ಳಿ ಚಟ್ನಿ ತಿಂದ ದಿನ ಬಾಯಿವಾಸನೆ ಸ್ವಲ್ಪ ಹೊತ್ತಿಗೇ ವಾಪಸ್! ಫ್ಲಾಸ್ ಮಾಡಿದಷ್ಟೇ (ಹಲ್ಲಿನ ಸಂದಿಗೆ ದಾರ ಹಾಕಿ ಕ್ಲೀನ್ ಮಾಡಿದಷ್ಟೇ) ಪರಿಣಾಮ ಅಂತ ಲಿಸ್ಟರಿನ್ ಜಾಹೀರಾತು ಕೊಟ್ಟಾಗ 2005ರಲ್ಲಿ ನ್ಯೂಯಾರ್ಕ್ ಕೋರ್ಟ್ ತಡೆ ಹಾಕಿತ್ತು. ಸರಿಯಾಗೇ ಮಾಡಿತು.

ಇದಕ್ಕಿಂತ ಮುಂಚೆ ವಸಡಿನ ಚಿಕಿತ್ಸೆ ಆದಾಗ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕದ ಮೌತ್‌ವಾಶ್ ಕೊಟ್ಟಿದ್ದರು. ಅದು ಜಾಸ್ತಿ ಪವರ್‌ಫುಲ್, ಒಪ್ಪುತ್ತೇನೆ. ಆದರೆ ಹಲ್ಲಿನ ಮೇಲೆ ಕಂದು ಕಲೆ ಬಂತು, ಫಿಲ್ಟರ್ ಕಾಫಿಯ ರುಚಿಯೇ ಕೆಟ್ಟಿತು. ದಿನನಿತ್ಯಕ್ಕೆ ನನಗೆ ಈ ಎಣ್ಣೆಯದೇ ವಾಸಿ.

ಖರ್ಚಿನ ಲೆಕ್ಕ ಕೇಳಿ. 20 ಮಿ.ಲೀ., 30 ಸೆಕೆಂಡ್, ದಿನಕ್ಕೆರಡು ಸಲ ಅನ್ನುತ್ತದೆ ಲೇಬಲ್. ಹಾಗೆ ಮಾಡಿದರೆ 250 ಮಿ.ಲೀ. ಬಾಟಲಿ ಒಂದು ವಾರವೂ ಬರುವುದಿಲ್ಲ. ನಾನು ರಾತ್ರಿ ಮಾತ್ರ ಹಾಕಿಕೊಳ್ಳುತ್ತೇನೆ. ದೊಡ್ಡ ಬಾಟಲಿಯೇ ಲಾಭ.

ಇಷ್ಟು ದುಡ್ಡು ಯಾಕೆ, ಮನೆಯಲ್ಲೇ ನೀರಿಗೆ ಲವಂಗದ ಎಣ್ಣೆ ಹಾಕಿಕೊಂಡರಾಯ್ತು ಅನ್ನುವವರಿಗೆ ಒಂದು ಮಾತು. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ಹನಿಯಾಗಿ ಬೇರೆಯೇ ಉಳಿಯುತ್ತದೆ. ಆ ಹನಿ ಹಾಗೇ ವಸಡಿಗೆ ತಗುಲಿದರೆ ಸುಡುತ್ತದೆ. ಬಾಯಿ ಒಣಗುವ ತೊಂದರೆ ಇರುವವರು ಆಲ್ಕೋಹಾಲ್ ಇಲ್ಲದ್ದನ್ನೇ ತಗೊಳ್ಳಿ. ಸರಿಯಾಗಿ ಉಗುಳಲು ಬಾರದ ಮಕ್ಕಳ ಕೈಗೆ ಯಾವುದೂ ಸಿಗದಿರಲಿ.